ಚಾಕುವಿನ ಕೋಟಿಂಗ್ ಏಳುತ್ತಿದೆಯೇ, ಬರಿ ಉಕ್ಕಿಗೆ ಜಂಗು ಹಿಡಿಯುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಅಡುಗೆಮನೆಯ ಕಪ್ಪು ಚಾಕು ಇರಲಿ, ದ್ರಾಕ್ಷಿ ತೋಟದ ಕಸಿ ಚಾಕು ಇರಲಿ, ಕಬ್ಬು ಕಡಿಯುವ ಕೊಯ್ತಾ ಇರಲಿ, ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ಸಾಣೆ ಹಿಡಿದಾಗ ಬಾಯಿಯ ಹತ್ತಿರ ಕೋಟಿಂಗ್ ಸವೆಯುತ್ತದೆ. ಆ ಅಂಚಿನಿಂದ ನೀರು ಒಳಗೆ ಇಳಿಯುತ್ತದೆ, ಇಳಿದ ನೀರು ಬೇಗ ಆರುವುದಿಲ್ಲ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಜಂಗು ಹರಡುತ್ತಿರುತ್ತದೆ. ಅರ್ಧ ಕೋಟಿಂಗ್ ಉಳಿದ ಚಾಕುವಿಗಿಂತ ಪೂರ್ತಿ ಬರಿ ಉಕ್ಕಿನ ಚಾಕು ಮೇಲು ಅಂತ ನಾನು ಹೇಳುವುದು ಇದಕ್ಕೇ. ಬರಿ ಉಕ್ಕಿನಲ್ಲಿ ಏನಾಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ.

ಆದರೆ ಎಲ್ಲ ಕೋಟಿಂಗ್ ಒಂದೇ ಅಲ್ಲ. ಕೆಲವು ಹತ್ತಿ ಉಂಡೆಯಿಂದ ಒರೆಸಿದರೆ ಬರುತ್ತವೆ, ಕೆಲವನ್ನು ಮನೆಯಲ್ಲಿ ಮುಟ್ಟಲೇಬಾರದು. ಹಾಗಾಗಿ ಎಮರಿ ಪೇಪರ್ ಕೈಗೆತ್ತಿಕೊಳ್ಳುವ ಮುಂಚೆ ಲಕ್ಷಣ ನೋಡಿ.

ಕೆಲಸಕ್ಕೆ ಕೂರುವ ಮುಂಚೆ

ಚಾಕುವಿನ ಬಾಯಿಗೆ ದಪ್ಪ ಟೇಪ್ ಅಂಟಿಸಿ. ಅಲಗನ್ನು ಹಲಗೆಯ ಮೇಲೆ ಮಲಗಿಸಿ ಕ್ಲ್ಯಾಂಪ್ ಹಾಕಿ. ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಪೇಪರ್ ಹಿಡಿದು ಉಜ್ಜಿದರೆ ಬೆರಳು ಕುಯ್ದುಕೊಳ್ಳುವುದು ಖಂಡಿತ. ಉಜ್ಜುವಾಗ ಮಾಸ್ಕ್ ಮತ್ತು ಕನ್ನಡಕ ಇರಲಿ. ಪೇಪರನ್ನು ಒದ್ದೆ ಮಾಡಿಕೊಂಡರೆ ದೂಳು ಏಳುವುದಿಲ್ಲ.

ಬಣ್ಣ ಸುಡಲು ಅಂತ ಚಾಕುವನ್ನು ಒಲೆಗೋ ಗ್ಯಾಸಿಗೋ ಹಿಡಿಯಬೇಡಿ. ನಮ್ಮ ಕಡೆ ಇದು ಬಹಳ ಜನ ಮಾಡುವ ಕೆಲಸ. ಬಣ್ಣ ಹೋಗುತ್ತದೆ ನಿಜ, ಜೊತೆಗೆ ಉಕ್ಕಿನ ಹದವೂ ಹೋಗುತ್ತದೆ. ನಾನ್‌ಸ್ಟಿಕ್ ಕೋಟಿಂಗ್ ಆಗಿದ್ದರೆ ಅದರ ಹೊಗೆ ವಿಷ. ಮನೆಯಲ್ಲಿ ಗಿಳಿ ಸಾಕಿದ್ದರೆ ಆ ಹೊಗೆಗೆ ಸತ್ತೇ ಹೋಗುತ್ತದೆ, ಮನುಷ್ಯರಿಗೆ ಜ್ವರ, ಕೆಮ್ಮು ಬರುತ್ತದೆ.

ಲಕ್ಷಣ: ಕೋಟಿಂಗ್ ಸಿಪ್ಪೆಯಾಗಿ ಏಳುತ್ತಿದೆ

ಮೊದಲು ಖರ್ಚಿಲ್ಲದ ಪರೀಕ್ಷೆ. ಏಳುತ್ತಿರುವ ಅಂಚನ್ನು ಉಗುರಿನಿಂದ ಕೆರೆಯಿರಿ. ಆಮೇಲೆ ಹಿಡಿಕೆಯ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ ಸೂಜಿಯ ಮೊನೆಯಿಂದ ಒಂದು ಗೀರು ಹಾಕಿ.

ತೆಳ್ಳಗೆ, ಪಾರದರ್ಶಕವಾಗಿ, ಸ್ವಲ್ಪ ಹಳದಿ ತಿರುಗಿದ ಪೊರೆ ಬಂದರೆ ಅದು ಲ್ಯಾಕರ್. ಕಾರ್ಬನ್ ಉಕ್ಕಿನ ಹೊಸ ಚಾಕು ಅಂಗಡಿಯಲ್ಲಿ ಜಂಗು ಹಿಡಿಯದಿರಲಿ ಅಂತ ಕಾರ್ಖಾನೆಯವರು ಬಳಿದಿರುತ್ತಾರೆ. ಅಸಿಟೋನ್ ಅಥವಾ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿ ಹತ್ತಿ ಅದ್ದಿ ಒಂದೆರಡು ನಿಮಿಷ ಅಲಗಿನ ಮೇಲಿಡಿ. ಹತ್ತಿ ಅಂಟಂಟಾದರೆ ಲ್ಯಾಕರ್ ಕರಗುತ್ತಿದೆ ಅಂತ ತಿಳಿಯಿರಿ. ಒರೆಸಿ ತೆಗೆದರೆ ಮುಗಿಯಿತು. ಥಿನ್ನರ್ ಬೇಗ ಬೆಂಕಿ ಹಿಡಿಯುತ್ತದೆ, ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ.

ದಪ್ಪ ಬಣ್ಣ, ಒಡೆದ ಅಂಚು ಬೆರಳಿಗೆ ಮೆಟ್ಟಿಲಿನ ಹಾಗೆ ತಾಗುತ್ತದೆ, ಥಿನ್ನರ್ ಹಚ್ಚಿದರೂ ಸ್ವಲ್ಪ ಮೆತ್ತಗಾಗಿ ಸುಮ್ಮನಾಗುತ್ತದೆ. ಅಂಥದ್ದು ಪೌಡರ್ ಕೋಟಿಂಗ್ ಅಥವಾ ಎಪಾಕ್ಸಿ. ಇದಕ್ಕೆ ಪೇಂಟ್ ರಿಮೂವರ್ ಬೇಕು. ಡಬ್ಬಿಯ ಮೇಲೆ ಮಿಥೈಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಅಂತ ಬರೆದಿದೆಯಾ ನೋಡಿ. ಇದ್ದರೆ ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಮಾತ್ರ ಬಳಸಿ. ಅದರ ಆವಿ ದೇಹದೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಮಾಮೂಲಿ ರಬ್ಬರ್ ಕೈಗವಸು ಅದರ ಮುಂದೆ ಜಾಸ್ತಿ ಹೊತ್ತು ತಡೆಯುವುದಿಲ್ಲ. ಕೈ ಉರಿದರೆ ತಕ್ಷಣ ಕಳಚಿ ಚೆನ್ನಾಗಿ ತೊಳೆಯಿರಿ. ತಲೆ ತಿರುಗಿದರೆ, ವಾಕರಿಕೆ ಬಂದರೆ ಕೆಲಸ ಬಿಟ್ಟು ತೆರೆದ ಗಾಳಿಗೆ ಬನ್ನಿ, ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ರಿಮೂವರನ್ನು ಬ್ರಷ್‌ನಿಂದ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಣ್ಣ ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಹಳೇ ಎಟಿಎಂ ಕಾರ್ಡಿನಿಂದ ಎಳೆದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಕಬ್ಬಿಣದ ಕೆರೆಯುವ ಪಟ್ಟಿ ಬಳಸಿದರೆ ಉಕ್ಕಿನಲ್ಲಿ ಗೀರು ಬೀಳುತ್ತದೆ, ಮುಂದೆ ಜಂಗು ಆ ಗೀರಿನಲ್ಲೇ ಮೊದಲು ಕೂರುತ್ತದೆ. ಪ್ಲಾಸ್ಟಿಕ್ ಹಿಡಿಕೆಗೆ ರಿಮೂವರ್ ತಾಗಿದರೆ ಹಿಡಿಕೆಯೇ ಕರಗುತ್ತದೆ, ಟೇಪ್ ಸುತ್ತಿಕೊಳ್ಳಿ. ಕೆರೆದ ಕಸವನ್ನು ಮೋರಿಗೂ ಬಾವಿ ಹತ್ತಿರವೂ ಚೆಲ್ಲಬೇಡಿ.

ಮೇಲ್ಮೈ ನುಣುಪಾಗಿದ್ದು ನೀರು ಹನಿಯಾಗಿ ಉರುಳಿ ಹೋದರೆ ಅದು ಟೆಫ್ಲಾನ್ ಜಾತಿಯ ನಾನ್‌ಸ್ಟಿಕ್. ಇದಕ್ಕೆ ರಿಮೂವರ್ ಕೆಲಸ ಮಾಡುವುದಿಲ್ಲ, ಒದ್ದೆ ಎಮರಿ ಪೇಪರ್ ಒಂದೇ ದಾರಿ. ಗ್ರೈಂಡರ್ ಹಾಕಬೇಡಿ, ಬಿಸಿಗೆ ಹೊಗೆ ಬರುತ್ತದೆ. ಸಣ್ಣ ಬೆಲೆಯ ಬಣ್ಣದ ತರಕಾರಿ ಚಾಕುಗಳಿಗೆ ಇಷ್ಟು ಕಷ್ಟ ಪಡುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಿಪ್ಪೆ ಪಲ್ಯಕ್ಕೆ ಬೀಳುವ ಮುಂಚೆ ಬದಲಿಸಿಬಿಡಿ.

ಸೂಜಿಯ ಮೊನೆ ಗೀರು ಹಾಕದೆ ಜಾರಿ ಹೋಯಿತಾ? ಬಣ್ಣ ಬಂಗಾರದಂತೆ ಇದೆಯಾ, ಇಲ್ಲವೇ ಹೊಳೆಯುವ ಗಾಢ ಕಪ್ಪೇ? ಆಗ ಅದು ಟೈಟಾನಿಯಂ ನೈಟ್ರೈಡ್ ಅಥವಾ ವಜ್ರದಂಥ ಗಟ್ಟಿ ಕಾರ್ಬನ್ ಲೇಪನ, ಅಂದರೆ ಡಿಎಲ್‌ಸಿ ಇರಬಹುದು. ಉಕ್ಕಿಗಿಂತ ಗಟ್ಟಿ, ಮನೆಯ ಯಾವ ರಾಸಾಯನಿಕಕ್ಕೂ ಬಗ್ಗುವುದಿಲ್ಲ. ಹಾಗೇ ಬಿಡಿ. ಕನ್ನಡಿಯಂತೆ ಹೊಳೆಯುವ ಪೊರೆ ಅಲ್ಯೂಮಿನಿಯಂ ಹಾಳೆಯ ಹಾಗೆ ಏಳುತ್ತಿದ್ದರೆ ಅದು ಕ್ರೋಮ್ ಅಥವಾ ನಿಕ್ಕಲ್ ಲೇಪನ. ಅದನ್ನು ತೆಗೆಯಲು ಟಾಯ್ಲೆಟ್ ಆಸಿಡ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಆ ಆಸಿಡ್ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ತುಂಬಿ ಅಲಗನ್ನು ಪೆಡಸು ಮಾಡುತ್ತದೆ. ಮುಂದೊಂದು ದಿನ ಕೈಯಲ್ಲೇ ಮುರಿಯಬಹುದು. ಅಂಥ ಚಾಕು ಅಡುಗೆಯಿಂದ ಹೊರಗಿರಲಿ.

ಲಕ್ಷಣ: ಕಪ್ಪು ಅಲಗು ನಿಂಬೆಹಣ್ಣು ಹೆಚ್ಚಿದ ಜಾಗದಲ್ಲಿ ಬೆಳ್ಳಗಾಗಿದೆ

ಇದು ಬ್ಲ್ಯಾಕ್ ಆಕ್ಸೈಡ್. ಬಣ್ಣವಲ್ಲ, ಉಕ್ಕಿನ ಮೈಯನ್ನೇ ಕಪ್ಪು ಆಕ್ಸೈಡ್ ಮಾಡಿರುತ್ತಾರೆ. ಅದಕ್ಕೇ ಸಿಪ್ಪೆ ಏಳುವುದಿಲ್ಲ, ಹುಳಿ ತಾಗಿದಲ್ಲಿ ಮಾತ್ರ ಹೋಗುತ್ತದೆ. ಇಂಡಿ ಕಡೆಯ ನಿಂಬೆಹಣ್ಣು ಉಪ್ಪಿನಕಾಯಿಗೆ ಹೆಚ್ಚಿದ ದಿನ ಚಾಕು ಮಚ್ಚೆ ಮಚ್ಚೆ ಆಗುವುದು ಹೀಗೆ. ಚಾಕು ಕೆಟ್ಟಿಲ್ಲ, ಹೆದರಬೇಡಿ. ಎಣ್ಣೆ ಇಲ್ಲದ ಬ್ಲ್ಯಾಕ್ ಆಕ್ಸೈಡ್ ಜಂಗನ್ನು ತಡೆಯುವುದೂ ಅಷ್ಟಕ್ಕಷ್ಟೇ.

ಮಚ್ಚೆ ಬೇಡ ಅನಿಸಿದರೆ ಪೂರ್ತಿ ತೆಗೆಯಬಹುದು. ಅಲಗಿನ ಜಿಡ್ಡನ್ನು ಸೋಪಿನಿಂದ ತೊಳೆದು ಬಿಳಿ ವಿನೆಗರ್‌ನಲ್ಲಿ ಮುಳುಗಿಸಿ. ಕಾಲು ಗಂಟೆಗೊಮ್ಮೆ ಹೊರಗೆ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ನೋಡಿ. ಕಪ್ಪು ಮಸಿ ಬಿಡುತ್ತಾ ಬರುತ್ತದೆ. ರಾತ್ರಿಯಿಡೀ ನೆನೆಹಾಕುವುದು ತಪ್ಪು. ಹುಳಿಗೆ ಕೋಟಿಂಗ್ ಯಾವುದು, ಉಕ್ಕು ಯಾವುದು ಅಂತ ಗೊತ್ತಾಗುವುದಿಲ್ಲ, ಬಾಯಿಯನ್ನೂ ತಿಂದುಹಾಕುತ್ತದೆ.

ಲಕ್ಷಣ: ಕೋಟಿಂಗ್ ತೆಗೆದ ಸ್ವಲ್ಪ ಹೊತ್ತಿಗೇ ಕಿತ್ತಳೆ ಬಣ್ಣ ಕೂತಿದೆ

ತೊಳೆದು ಕಟ್ಟೆಯ ಮೇಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅಲಗಿನ ಮೇಲೆ ತೆಳು ಕಿತ್ತಳೆ ಪುಡಿ. ಎಲ್ಲರಿಗೂ ಎದುರಾಗುವ ತೊಂದರೆ ಇದು. ಆಗಷ್ಟೇ ಬೆತ್ತಲಾದ ಉಕ್ಕು, ಅದರ ಮೇಲೆ ಉಳಿದ ಹುಳಿ, ಮೇಲೊಂದಿಷ್ಟು ನೀರು, ಇಷ್ಟೇ ಸಾಕು.

ಬೆರಳಿನಿಂದ ಒರೆಸಿ ನೋಡಿ. ಬಣ್ಣ ಬೆರಳಿಗೆ ಹತ್ತಿದರೆ ಜಂಗು ಮೇಲಷ್ಟೇ ಇದೆ. ಸ್ವಲ್ಪ ಎಣ್ಣೆ ಹಚ್ಚಿ ಒರಟು ಅರಿವೆಯಿಂದ ತಿಕ್ಕಿದರೆ ಹೋಗುತ್ತದೆ. ಮತ್ತೆ ಬಾರದಿರಲು ಕೆಲಸದ ಸಾಲು ಸರಿಯಿರಬೇಕು. ವಿನೆಗರ್‌ನಿಂದ ತೆಗೆದ ಕೂಡಲೇ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಹುಳಿ ಸಾಯುತ್ತದೆ. ಕೊನೆಗೆ ಚೆನ್ನಾಗಿ ಕಾದ ನೀರನ್ನು ಅಲಗಿನ ಮೇಲೆ ಹೊಯ್ಯಿರಿ. ಉಕ್ಕು ಬಿಸಿಯಾಗಿ ನೀರು ತಾನೇ ಆರುತ್ತದೆ. ಒಣ ಅರಿವೆಯಿಂದ ಒರೆಸಿ, ಅಲಗು ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ. ಎಣ್ಣೆಯ ಡಬ್ಬಿಯ ಮುಚ್ಚಳ ಮೊದಲೇ ತೆಗೆದಿಟ್ಟುಕೊಂಡಿರಿ.

ಇಲ್ಲಿ ಒಂದು ಮಾತು. ಹಿತ್ತಾಳೆ ತಂಬಿಗೆ ಬೆಳಗುವ ಹಾಗೆ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಚಾಕು ಉಜ್ಜುವ ರೂಢಿ ಇದೆ. ಹುಣಸೆ ಸರಿ, ಉಪ್ಪು ಬೇಡ. ಉಪ್ಪಿನ ಕ್ಲೋರೈಡ್ ಉಕ್ಕಿನ ಸಣ್ಣ ಗುಳಿಗಳಲ್ಲಿ ಕೂತುಬಿಡುತ್ತದೆ. ಇವತ್ತು ಫಳಫಳ ಹೊಳೆದ ಚಾಕು ನಾಳೆ ಅದೇ ಜಾಗದಲ್ಲಿ ಮತ್ತೆ ಕೆಂಪಾಗುತ್ತದೆ. ಬೋರ್‌ವೆಲ್‌ನ ಸವುಳು ನೀರಿನಲ್ಲಿ ತೊಳೆದು ಹಾಗೇ ಆರಲು ಬಿಟ್ಟರೂ ಇದೇ ಗತಿ.

ಲಕ್ಷಣ: ಬರಿ ಉಕ್ಕು ನೀಲಿ, ಬೂದು, ಕಪ್ಪಾಗಿದೆ. ಮುಳಗಾಯಿ, ಉಳ್ಳಾಗಡ್ಡಿ ಹೆಚ್ಚಿದರೆ ಕಪ್ಪಾಗುತ್ತಿವೆ

ಬೆರಳಿಗೆ ಹತ್ತದ, ನುಣುಪಾದ, ನೀಲಿ ಮಿಶ್ರಿತ ಬೂದು ಬಣ್ಣ ಜಂಗಲ್ಲ. ಪಟಿನಾ ಅನ್ನುತ್ತಾರೆ. ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿರುತ್ತದೆ, ಕೆಂಪು ಜಂಗು ಬರುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಉಜ್ಜಿ ತೆಗೆದರೆ ನಿಮ್ಮ ಚಾಕುವಿನ ಕಾವಲನ್ನು ನೀವೇ ಓಡಿಸಿದಂತೆ.

ಮುಳಗಾಯಿ ಕಪ್ಪಾಗುವುದು ಅದರ ಒಗರಿಗೆ ಕಬ್ಬಿಣ ಸೇರಿದ್ದರಿಂದ. ತಿಂದರೆ ಏನೂ ಆಗುವುದಿಲ್ಲ, ನೋಡಲು ಚೆಂದ ಇರುವುದಿಲ್ಲ ಅಷ್ಟೇ. ಪಟಿನಾ ಕೂತ ಮೇಲೆ ಇದು ತುಂಬಾ ಕಡಿಮೆಯಾಗುತ್ತದೆ. ಕಾಯಲು ಆಗದವರು ಹಾಲು ಸಕ್ಕರೆ ಹಾಕದ ಗಟ್ಟಿ ಚಹಾ ಕುದಿಸಿ, ಅದಕ್ಕೆ ಒಂದಿಷ್ಟು ವಿನೆಗರ್ ಬೆರೆಸಿ, ಜಿಡ್ಡು ತೆಗೆದ ಅಲಗನ್ನು ಒಂದೆರಡು ಗಂಟೆ ಅದರಲ್ಲಿ ನಿಲ್ಲಿಸಬಹುದು. ಕಡುಬೂದು ಬಣ್ಣ ಬರುತ್ತದೆ. ಕೋಟಿಂಗ್ ತೆಗೆದ ಚಾಕುವಿಗೆ ನಾನು ಮೊದಲು ಹೇಳುವುದು ಇದನ್ನೇ.

ಲಕ್ಷಣ: ಅಲಗಿನ ಮೇಲೆ ಹೊಳೆಯುವ ಕೆಂಪು, ಜಂಗಿನಂತೆ ಪುಡಿಯಾಗುತ್ತಿಲ್ಲ

ದ್ರಾಕ್ಷಿ ಬೆಳೆಯುವವರಿಗೆ ಇದು ಗೊತ್ತಿರಲೇಬೇಕು. ಬೋರ್ಡೋ ದ್ರಾವಣ (ಬೆಳೆಯ ರೋಗಕ್ಕೆ ಹೊಡೆಯುವ, ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್ ಮತ್ತು ಸುಣ್ಣದ ಮಿಶ್ರಣ) ಮಾಡಿದ ಬಕೆಟ್‌ನಲ್ಲಿ ಚಾಕು ಬಿದ್ದಿತ್ತು, ಅಥವಾ ಮೈಲುತುತ್ತದ ಕೈಯಲ್ಲೇ ಕಸಿ ಚಾಕು ಹಿಡಿದಿರಿ. ಅಲಗಿಗೆ ಗುಲಾಬಿ ಮಿಶ್ರಿತ ಕೆಂಪು ಬಂದಿದೆ. ಬೆಳಕಿಗೆ ಓರೆ ಹಿಡಿದರೆ ಲೋಹದ ಹೊಳಪು ಕಾಣುತ್ತದೆ. ಬೆರಳಿಗೆ ಏನೂ ಹತ್ತುವುದಿಲ್ಲ. ಅದು ಜಂಗಲ್ಲ, ತಾಮ್ರ. ದ್ರಾವಣದ ತಾಮ್ರ ಉಕ್ಕಿನ ಮೇಲೆ ಕೂತು, ಅದರ ಬದಲಿಗೆ ಕಬ್ಬಿಣ ದ್ರಾವಣಕ್ಕೆ ಇಳಿದಿರುತ್ತದೆ.

ನಮ್ಮ ಬೆಳೆಗಾರರು ಬೋರ್ಡೋ ಸರಿಯಾಗಿದೆಯೋ ಇಲ್ಲವೋ ಅಂತ ನೋಡುವುದೂ ಹೀಗೆಯೇ ಅಲ್ವಾ? ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಉಜ್ಜಿದ ಕುಡಗೋಲನ್ನೋ ಚಾಕುವನ್ನೋ ಅದ್ದಿ ನೋಡುತ್ತಾರೆ. ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ನೀರು ಇನ್ನಷ್ಟು ಬೇಕು ಅಂತ ಅರ್ಥ. ಇಲ್ಲದಿದ್ದರೆ ಎಲೆ ಸುಡುತ್ತದೆ. ಈ ಪರೀಕ್ಷೆಗೆ ಬರಿ ಉಕ್ಕೇ ಬೇಕು. ಕೋಟಿಂಗ್ ಇರುವ ಚಾಕುವನ್ನೋ ಸ್ಟೇನ್‌ಲೆಸ್ ಚಾಕುವನ್ನೋ ಅದ್ದಿದರೆ ಕೆಂಪು ಕೂರದೇ ಹೋಗಬಹುದು. ದ್ರಾವಣ ಸರಿ ಇದೆ ಅಂತ ನಂಬಿ ಹೊಡೆದರೆ ತೋಟಕ್ಕೆ ಪೆಟ್ಟು. ಎಣ್ಣೆ ಸವರಿದ ಬರಿ ಉಕ್ಕೂ ಹಾಗೇ ಮೋಸ ಮಾಡುತ್ತದೆ, ಅದ್ದುವ ಮುಂಚೆ ಎಮರಿ ಪೇಪರ್‌ನಿಂದ ಹೊಳೆಯುವಂತೆ ಉಜ್ಜಿಕೊಳ್ಳಿ. ಪಂಪ್ ಕೋಣೆಯಲ್ಲಿ ಒಂದು ಹಳೇ ಕುಡಗೋಲನ್ನು ಇದಕ್ಕೆಂದೇ ಇಡಿ.

ತಾಮ್ರ ಕೂತ ಚಾಕುವನ್ನು ಹಾಗೇ ಬಿಡಬಾರದು. ತಾಮ್ರ ಮತ್ತು ಉಕ್ಕು ತಾಗಿಕೊಂಡಿದ್ದು ಮೇಲೆ ತೇವ ಬಿದ್ದರೆ ಉಕ್ಕು ಮೊದಲಿಗಿಂತ ಬೇಗ ಸವೆಯುತ್ತದೆ. ವಿನೆಗರ್‌ಗೆ ಈ ತಾಮ್ರ ಹೋಗುವುದಿಲ್ಲ. 400 ನಂಬರಿನ ಒದ್ದೆ ಪೇಪರ್, ಆಮೇಲೆ 800 ನಂಬರಿನದು. ಉಜ್ಜುವುದು ಅಲಗಿನ ಉದ್ದಕ್ಕೆ, ಒಂದೇ ದಿಕ್ಕಿಗೆ.

ದಾಳಿಂಬೆ ಬೆಳೆಗಾರರ ತೊಂದರೆ ಬೇರೆ. ದುಂಡಾಣು ಅಂಗಮಾರಿ ಹರಡದಿರಲಿ ಅಂತ ಬಾಗಲಕೋಟೆ ಕಡೆ ಕತ್ತರಿಯನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿ ಅದ್ದಿ ಗಿಡ ಸವರುತ್ತಾರೆ. ಗಿಡಕ್ಕೆ ಅದು ಬೇಕೇ ಬೇಕು, ಉಕ್ಕಿಗೆ ಅದು ಶತ್ರು. ಸಂಜೆ ಕೆಲಸ ಮುಗಿದ ಕೂಡಲೇ ಒಳ್ಳೆ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಾಕಿ. ಬೆಳಿಗ್ಗೆ ಮಾಡೋಣ ಅಂದರೆ ಸ್ಪ್ರಿಂಗ್‌ನ ಸಂದಿಯಲ್ಲಿ ಜಂಗು ಕೂತಿರುತ್ತದೆ. ಬ್ಲೀಚ್ ಇದ್ದ ಬಕೆಟ್‌ಗೆ ವಿನೆಗರ್ ಆಗಲಿ ಆಸಿಡ್ ಆಗಲಿ ಸುರಿಯಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ.

ಲಕ್ಷಣ: ಎಣ್ಣೆ ಹಚ್ಚಿಟ್ಟರೂ ಜಂಗು, ಅಥವಾ ಅಲಗು ಅಂಟಂಟು

ಮೊದಲು ಎಣ್ಣೆ ಯಾವುದು ಅಂತ ನೋಡಿ. ವಿಜಯಪುರದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕುಸುಬಿ ಎಣ್ಣೆ. ಅಡುಗೆಗೆ ಅದಕ್ಕಿಂತ ರುಚಿ ಬೇರೆ ಇಲ್ಲ, ಆದರೆ ಅದು ಗಾಳಿಗೆ ಒಣಗುವ ಜಾತಿಯ ಎಣ್ಣೆ. ಅಗಸಿ ಎಣ್ಣೆಯೂ ಹಾಗೇ. ಪೇಂಟ್ ಮಾಡುವುದಕ್ಕೂ ಇವನ್ನು ಬಳಸುತ್ತಾರೆ ಅಂದರೆ ತಿಳಿಯಿರಿ. ದಪ್ಪಗೆ ಹಚ್ಚಿಟ್ಟರೆ ಗೋಂದಾಗುತ್ತದೆ, ಅದಕ್ಕೆ ದೂಳು ಅಂಟುತ್ತದೆ, ದೂಳು ತೇವ ಹಿಡಿಯುತ್ತದೆ. ಶೇಂಗಾ ಎಣ್ಣೆ ಸ್ವಲ್ಪ ತಡವಾಗಿ ಅಂಟಾಗುತ್ತದೆ, ಕಮಟು ವಾಸನೆ ಬರುತ್ತದೆ. ಅಡುಗೆ ಚಾಕುವಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು, ಚಳಿಗೆ ಗಟ್ಟಿಯಾದರೂ ಕಾಯುವ ಕೆಲಸ ಬಿಡುವುದಿಲ್ಲ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಇನ್ನೂ ಒಳ್ಳೆಯದು. ಎರಡು ಹನಿ ಹಾಕಿ ಪೂರ್ತಿ ಒರೆಸಿ. ಅಲಗು ಒದ್ದೆಯಾಗಿ ಕಾಣಬಾರದು, ಬೆರಳಿಟ್ಟರೆ ಜಿಡ್ಡು ತಿಳಿಯಬೇಕು.

ಕುಸುಬಿ, ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ತಾನೇ ಹೊತ್ತಿಕೊಂಡದ್ದೂ ಉಂಟು. ನೀರಲ್ಲಿ ಅದ್ದಿ, ಬಿಡಿಸಿ ಒಣಹಾಕಿ.

ಕೊಯ್ತಾ, ಕೊಡಲಿಗೆ ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಬಳಿಯುವುದು ನಮ್ಮಲ್ಲಿ ಮಾಮೂಲು. ಸುಟ್ಟ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಹೊಸ ಆಯಿಲ್ ಒಂದು ಚಮಚ ಸಾಕು, ಅಥವಾ ಗ್ರೀಸ್.

ಎಣ್ಣೆ ಸರಿ ಇದ್ದರೂ ಜಂಗು ಬಂದರೆ ಇಡುವ ಜಾಗ ನೋಡಿ. ಖಾಲಿ ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದೀರಾ? ಚೀಲದಲ್ಲಿ ಉಳಿದ ಯೂರಿಯಾ, ಪೊಟ್ಯಾಶ್ ಗಾಳಿಯ ತೇವವನ್ನು ಎಳೆದು ಅಲಗಿಗೆ ಕೊಡುತ್ತವೆ. ಚರ್ಮದ ಒರೆಯೂ ತೇವ ಹಿಡಿದಿಡುತ್ತದೆ, ಒರೆ ಪ್ರಯಾಣಕ್ಕೆ ಮಾತ್ರ. ಗಾಳಿಯ ತೇವಾಂಶ ಶೇ. 60 ದಾಟಿತು ಅಂದರೆ ಬರಿ ಉಕ್ಕಿಗೆ ಕಷ್ಟ ಶುರು. ವಿಜಯಪುರದ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಏನೂ ಆಗದ ಚಾಕು, ಮಲಪ್ರಭೆ ಹುಟ್ಟುವ, ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆಗೆ ಮಳೆಗಾಲದಲ್ಲಿ ಒಯ್ದರೆ ರಾತ್ರಿ ಕಳೆಯುವುದರೊಳಗೆ ಕೆಂಪಾಗಬಹುದು. ಖಾನಾಪುರ ಭಾಗದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಿ ಎಣ್ಣೆಯ ಬದಲು ಕೊಬ್ಬರಿ ಎಣ್ಣೆಗೆ ಜೇನುಮೇಣ ಕರಗಿಸಿ ಮಾಡಿದ ಮುಲಾಮು ಹಚ್ಚುವುದು ಮೇಲು.

ಲಕ್ಷಣ: ಸ್ಟೇನ್‌ಲೆಸ್ ಅಂತ ಬರೆದಿದೆ, ಆದರೂ ಕಂದು ಚುಕ್ಕೆ

ಸ್ಟೇನ್‌ಲೆಸ್ ಅಂದರೆ ಶೇ. 10.5 ಅಥವಾ ಅದಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಉಕ್ಕು. ಅದಕ್ಕೂ ಉಪ್ಪು, ಬ್ಲೀಚ್ ಆಗುವುದಿಲ್ಲ. ಕಬ್ಬಿಣದ ನಾರಿನಿಂದ ಉಜ್ಜಿದ್ದರೆ ಜಂಗು ಹಿಡಿದಿರುವುದು ಆ ನಾರಿನ ಚೂರುಗಳಿಗೇ ಇರಬಹುದು. ಅಡುಗೆ ಸೋಡಾ ಕಲಸಿ ಉಜ್ಜಿ ನೋಡಿ. ಚುಕ್ಕೆ ಹೋಗಿ ಕೆಳಗೆ ಸೂಜಿಮೊನೆಯ ಗುಳಿ ಉಳಿದರೆ ಅದು ತುಂಬುವುದಿಲ್ಲ, ಇನ್ನಷ್ಟು ಆಗದಂತೆ ಒಣಗಿಸಿ ಇಡಿ.

ಲಕ್ಷಣ: ಬಾಯಿ ನೀಲಿಯಾಗಿದೆ, ಗುಳಿ ಆಳ ಇದೆ, ಹಿಡಿಕೆ ಅಲ್ಲಾಡುತ್ತಿದೆ

ಇಲ್ಲಿಗೆ ನಿಲ್ಲಿಸಿ. ಗ್ರೈಂಡರ್ ಹಾಕಿದಾಗ ಬಾಯಿಯ ಅಂಚಿನಲ್ಲಿ ತೆಳು ಹುಲ್ಲಿನ ಬಣ್ಣ ಕಂಡರೆ ಉಕ್ಕು ಸುಮಾರು 220 ಡಿಗ್ರಿ ಮುಟ್ಟಿದೆ, ನೀಲಿ ಕಂಡರೆ ಸುಮಾರು 300. ನೀಲಿಯಾದ ಬಾಯಿ ಮೆತ್ತಗಾಗಿದೆ, ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಸಣ್ಣ ಅರದಿಂದ ಬಾಯಿಯನ್ನು ಮೆಲ್ಲಗೆ ಮುಟ್ಟಿ. ಅರ ಜಾರಿದರೆ ಹದ ಇದೆ, ಕಚ್ಚಿ ಪುಡಿ ಬಿದ್ದರೆ ಹದ ಹೋಗಿದೆ.

ಹಿಡಿಕೆಯ ಸಂದಿಯಿಂದ ಕೆಂಪು ನೀರು ಇಳಿಯುತ್ತಿದ್ದರೆ ಜಂಗು ಹಿಡಿಕೆಯೊಳಗೆ ಹೋಗಿರುವ ಅಲಗಿನ ಬಾಲಕ್ಕೆ ಹಿಡಿದಿದೆ. ಜಂಗು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಅದೇ ಹಿಡಿಕೆಯನ್ನು ಸೀಳುತ್ತದೆ. ಅಂಥ ಕೊಯ್ತಾ ಬೀಸಿದರೆ ಅಲಗು ಹಾರಿ ಪಕ್ಕದವರಿಗೆ ಬೀಳಬಹುದು. ಹಿಡಿಕೆ ಬಿಚ್ಚಿಸಿ ನೋಡದೆ ಬಳಸಬೇಡಿ. ತೋಟದ ಚಾಕುವಿನಿಂದ ಗಾಯವಾದರೆ, ಚಾಕು ಹೊಳೆಯುತ್ತಿದ್ದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ. ಆ ರೋಗದ ಬೀಜ ಇರುವುದು ಮಣ್ಣಿನಲ್ಲಿ, ಜಂಗಿನಲ್ಲಲ್ಲ.

ಕಾರ್ಬನ್ ಉಕ್ಕಿನ ಅಲಗಾದರೆ ಊರಿನ ಕಂಬಾರರು ಮತ್ತೆ ಹದ ಕೊಡಬಲ್ಲರು. ಗಾಡಿಯ ಪಾಟಾದಿಂದ (ಸ್ಪ್ರಿಂಗ್ ಪಟ್ಟಿಯಿಂದ) ಮಾಡಿದ ಕೊಯ್ತಾ, ಕುಡಗೋಲಿಗೆ ಅವರ ಕೈಯೇ ಸರಿ. ಬೆಲೆಬಾಳುವ ಕಸಿ ಚಾಕುವಾದರೆ ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದ ಕಡೆ ಹೀಟ್ ಟ್ರೀಟ್‌ಮೆಂಟ್ ಮಾಡುವವರನ್ನು ವಿಚಾರಿಸಿ. ಕೊಡುವಾಗ ಮೇಲೆ ಯಾವ ಕೋಟಿಂಗ್ ಇತ್ತು, ಏನು ಹಚ್ಚಿ ತೆಗೆದಿರಿ, ಆಸಿಡ್ ತಾಗಿದೆಯೋ ಇಲ್ಲವೋ ಎಲ್ಲ ಹೇಳಿ. ಬಣ್ಣ ಉಳಿದಿದ್ದರೆ ಅದನ್ನು ಮೊದಲೇ ತೆಗೆದು ಕೊಡಿ, ಕುಲುಮೆಯ ಮುಂದೆ ಕೂತವರು ಆ ಹೊಗೆ ಕುಡಿಯುವ ಹಾಗಾಗಬಾರದು.